ರೋಗವಿಲ್ಲದ ಒಂದು ವಾರ

ರೋಗ ನಿಯಂತ್ರಣ ಕೇಂದ್ರ
ಫೆಬ್ರವರಿ 9

ನನ್ನ ಬಜಾರಿ ಮಗಳಿಗೆ,

ಭಾನುವಾರ ಯಾಕೆ ಬರಲಿಲ್ಲ ಎಂದು ನೀನು ಕಾರ್ಡಿನಲ್ಲಿ ಬೈದದ್ದನ್ನು ನನಗಿಂತ ಮೊದಲು ನನ್ನ ಜೀಪಿನ ಡ್ರೈವರ್ ಓದಿಬಿಟ್ಟ. "ಸಾರ್, ಅಮ್ಮಾವ್ರು ಸಿಕ್ಕಾಪಟ್ಟೆ ಗರಂ ಆಗಿದಾರೆ" ಎಂದು ಕಾರ್ಡನ್ನು ಎರಡು ಬೆರಳಿನಲ್ಲಿ ಹಿಡಿದು ತಂದುಕೊಟ್ಟ. ಇನ್ನು ಮುಂದೆ ಬೈಯುವುದಿದ್ದರೆ ಲಕೋಟೆಯೊಳಗೆ ಹಾಕಿ ಬೈ. ಇಲಾಖೆಯ ಜಂಟಿ ನಿರ್ದೇಶಕನಿಗೆ ಅಷ್ಟಾದರೂ ಮರ್ಯಾದೆ ಬೇಡವೇನೇ?

ನಾನು ಬರಲಿಲ್ಲ ಎನ್ನುವುದಕ್ಕಿಂತ ಬರುವ ಹಾಗಿಲ್ಲ ಎನ್ನುವುದು ಸರಿ. ಹೊಳೆಯ ಕೆಳಭಾಗದ ಹಾಲಿನ ಫಾರಂ ಒಂದರಲ್ಲಿ ಕಾಲುಬಾಯಿ ಜ್ವರ ಕಾಣಿಸಿಕೊಂಡಿದೆ. ದನದ ಸಂತೆಗಳನ್ನು ಮುಚ್ಚಿಸಿದ್ದೇವೆ, ರಸ್ತೆಗಳಿಗೆ ಗೇಟು ಹಾಕಿಸಿದ್ದೇವೆ. ರೋಗ ಸಿಕ್ಕ ಮನೆಯಲ್ಲಿ ಹಸು, ಕುರಿ, ಆಡು, ಹಂದಿ ಏನೇ ಇರಲಿ, ಎಲ್ಲಕ್ಕೂ ಸೂಜಿ ಹಾಕಿ ಶಾಶ್ವತವಾಗಿ ಮಲಗಿಸಿ ಕೊಟ್ಟಿಗೆಯನ್ನು ಖಾಲಿ ಮಾಡಬೇಕೆಂಬುದು ಸರ್ಕಾರದ ಆಜ್ಞೆ. ಆಜ್ಞೆಯ ಕೆಳಗಿನ ಸಹಿ ನನ್ನದು. ನನ್ನನ್ನು ತಂದು ಒಂದು ಹಳೆಯ ಹಾಲಿನ ಡಿಪೋದ ಮಹಡಿಯ ಮೇಲೆ ಕೂರಿಸಿದ್ದಾರೆ. ಒಂದು ಮಂಚ, ಒಂದು ಟೇಬಲ್, ಗೋಡೆಯ ತುಂಬ ನಕ್ಷೆ, ಒಂದು ಫೋನು. ಆ ಫೋನು ಇಡೀ ದಿನ "ಸಾರ್, ಇಲ್ಲೊಂದು ಹಸು ಜೊಲ್ಲು ಸುರಿಸ್ತಿದೆ" ಎಂದು ಬಡಕೊಳ್ಳುತ್ತಿರುತ್ತದೆ. ನಿಮ್ಮ ಮನೆಗಂತೂ ಫೋನಿಲ್ಲ. ಹಾಗಾಗಿ ನಮಗೆ ಕಾಗದವೇ ಗತಿ.

ರೋಗದ ಕೊಟ್ಟಿಗೆಗೆ ಕಾಲಿಟ್ಟ ಡಾಕ್ಟರ್ ಒಂದು ವಾರ ರೋಗವಿಲ್ಲದ ಪ್ರಾಣಿಯ ಹತ್ತಿರ ಸುಳಿಯಬಾರದು. ನಡುವೆ ಇನ್ನೊಂದು ರೋಗದ ಕೊಟ್ಟಿಗೆಗೆ ಹೋದರೆ ಎಣಿಕೆ ಮತ್ತೆ ಮೊದಲಿನಿಂದ. ಇದು ನಾನೇ ಬರೆದ ನಿಯಮ. ದಾರಿಯಲ್ಲಿ ನಿಂತು ಮಾತಾಡಿ ಹೋಗಬಾರದೇ ಎಂದು ನೀನು ಕೇಳಿಯೇ ಕೇಳುತ್ತೀಯ. ಬೇಡ. ನನ್ನ ಅಂಗಿಯಿಂದ ನಿನ್ನ ಕೈಗೆ, ನಿನ್ನ ಕೈಯಿಂದ ನಿಮ್ಮ ಆಡುಗಳ ಮೂತಿಗೆ. ಈ ರೋಗಕ್ಕೆ ಅಷ್ಟು ಸಾಕು.

ಏಳು ತಿಂಗಳ ಬಸುರಿ ಹಾಲಿನ ಕ್ಯಾನು ಎತ್ತಬಾರದು ಎಂದು ನಿನ್ನ ಗಂಡನಿಗೆ ನಾನು ಹೇಳಿದೆನೆಂದು ಹೇಳು. ರೋಗವಿಲ್ಲದ ಒಂದು ವಾರ ಸಿಕ್ಕರೆ ಸಾಕು, ಓಡಿ ಬರುತ್ತೇನೆ.

ನಿನ್ನ ಅಪ್ಪ


ಫೆಬ್ರವರಿ 17

ಪ್ರೀತಿಯ ಅಪ್ಪ,

ನಿಮ್ಮ ಕಾಗದ ನನ್ನ ಕೈಗೆ ಸಿಕ್ಕಿದ್ದು ನಿನ್ನೆ, ಮನೆಗೆ ಬಂದದ್ದು ಮಾತ್ರ ಮೂರು ದಿನ ಮೊದಲೇ. ಅತ್ತೆ ಅದನ್ನು ಇಕ್ಕಳದಲ್ಲಿ ಹಿಡಿದುಕೊಂಡು ಹೋಗಿ ಹಿತ್ತಲಿನ ಕಲ್ಲಿನ ಮೇಲೆ ಬಿಸಿಲಿಗೆ ಹಾಕಿದ್ದರು. "ನಿಮ್ಮಪ್ಪ ರೋಗದ ಊರಲ್ಲಿ ಕೂತು ಬರ್ದಿರೋದು. ಕಾಗದಕ್ಕೇನು ಕಾಲುಬಾಯಿ ಇರಲ್ವಾ?" ಎಂದು ನನಗೇ ಪಾಠ ಹೇಳಿದರು. ನಾನು ಡಾಕ್ಟರ್ ಮಗಳು ಎಂಬುದು ಅವರ ಲೆಕ್ಕಕ್ಕೇ ಇಲ್ಲ. ಕಾಗದ ಮಾತ್ರ ಒಳ್ಳೆ ಹಪ್ಪಳದ ಹಾಗೆ ಆಗಿತ್ತು. ನಿಮ್ಮ ಅಳಿಯಂದಿರು ಗೇಟಿನಲ್ಲಿ ವಾಷಿಂಗ್ ಸೋಡಾ ಕರಗಿಸಿದ ನೀರಿನ ತೊಟ್ಟಿ ಇಟ್ಟಿದ್ದಾರೆ. ಬೂಟು ಅದ್ದದೆ ಯಾರೂ ಒಳಗೆ ಬರುವಂತಿಲ್ಲ. ಕ್ಯಾನು ಎತ್ತುವುದನ್ನು ಬಿಟ್ಟಿದ್ದೇನೆ, ನಿಮ್ಮಾಣೆ.

ಆದರೂ ಕೋಪ ಹೋಗಿಲ್ಲ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಜೀಪಿನ ಹಿಂದಿನ ಸೀಟಿನಲ್ಲಿ ಹಾಕಿಕೊಂಡು ಊರೂರು ಸುತ್ತಿದವರು ನೀವು. ಹಸುವಿನ ಹೆರಿಗೆಗೆ ಕರೆದರೆ ಊಟ ಬಿಟ್ಟು ಎದ್ದು ಹೋದವರು. ನನ್ನ ಹೆರಿಗೆಗೆ ನೀವಿಲ್ಲ ಎಂದರೆ ನನಗೆ ಹೇಗಾಗಬೇಡ?

ಆಡುಗಳೂ ನಿಮ್ಮ ದಾರಿ ಕಾಯುತ್ತವೆ. ಭಾನುವಾರ ಬಂದರೆ ಗುಂಪಿನ ಹಿರಿಯಳು ನಮ್ಮ ಹೆಡ್ ಮೇಡಂ ಮುಂದೆ, ಉಳಿದವು ಹಿಂದೆ, ಸಾಲಾಗಿ ಬೇಲಿಯ ಹತ್ತಿರ ನಿಲ್ಲುತ್ತವೆ. ಅವಕ್ಕೆ ಭಾನುವಾರ ಹೇಗೆ ಗೊತ್ತಾಗುತ್ತದೋ ದೇವರೇ ಬಲ್ಲ. ಇವರು "ನೋಡೇ, ನಿಮ್ಮಪ್ಪನ ಸಿಬ್ಬಂದಿ ಡ್ಯೂಟಿಗೆ ಬಂತು" ಎನ್ನುತ್ತಾರೆ. ನಾನು ನಗುತ್ತೇನೆ, ಆಮೇಲೆ ಒಳಗೆ ಹೋಗಿ ಅಳುತ್ತೇನೆ. ಬಸುರಿಯರು ಸುಮ್ಮಸುಮ್ಮನೆ ಅಳುತ್ತಾರೆ ಎಂದು ಅತ್ತೆ ಎಲ್ಲರಿಗೂ ವಿವರಿಸುತ್ತಾರೆ.

ನಿಮ್ಮ ಬಜಾರಿ


ರೋಗ ನಿಯಂತ್ರಣ ಕೇಂದ್ರ
ಮಾರ್ಚ್ 8

ಮಗಳೇ,

ಬರೆಯುವುದು ತಡವಾಯಿತು. ಸೋಡಾ ನೀರಿನಲ್ಲಿ ದಿನವೂ ಕೈ ತೊಳೆದು ತೊಳೆದು ಬೆರಳ ತುದಿಗಳೆಲ್ಲ ಒಡೆದಿವೆ, ಪೆನ್ನು ಹಿಡಿದರೆ ಉರಿಯುತ್ತದೆ. ನನ್ನ ಅಕ್ಷರ ನೋಡಿ ನಗಬೇಡ.

ಮೊನ್ನೆ ಆರು ದಿನ ಆಗಿತ್ತು. ಇನ್ನೊಂದೇ ದಿನ. ಡ್ರೈವರನಿಗೆ ಜೀಪು ಚೆನ್ನಾಗಿ ತೊಳೆದಿಡು ಎಂದು ಹೇಳಿದ್ದೆ. ಒಗೆದ ಅಂಗಿಯನ್ನು ಕುರ್ಚಿಗೆ ನೇತು ಹಾಕಿದ್ದೆ. ಮಧ್ಯಾಹ್ನ ಫೋನು ಬಂತು. ಬೆಟ್ಟದ ಬುಡದ ಒಂದು ಮನೆಯಲ್ಲಿ ಹಸುವಿನ ನಾಲಗೆಯ ಮೇಲೆ ಗುಳ್ಳೆ. ಹೋಗದೆ ವಿಧಿಯಿಲ್ಲ. ಎಣಿಕೆ ಮತ್ತೆ ಮೊದಲಿನಿಂದ.

ಆ ಮನೆಯಲ್ಲಿ ಒಬ್ಬ ಅಜ್ಜಿ, ಒಂದೇ ಹಸು. ಕೆಲಸವೆಲ್ಲ ಮುಗಿದ ಮೇಲೆ ಅಜ್ಜಿ ನನ್ನನ್ನು ಕೇಳಿದರು, "ಡಾಕ್ಟ್ರೇ, ನಿಮ್ಮನೇಲಿ ಏನಾದ್ರೂ ಸಾಕಿದೀರಾ?" "ಇಲ್ಲಮ್ಮ" ಎಂದೆ. "ಹೂಂ. ಅದಕ್ಕೇ" ಎಂದರು. ಅಷ್ಟೇ. ಬೈದಿದ್ದರೆ ಕೇಳಿಸಿಕೊಂಡು ಬರುತ್ತಿದ್ದೆ. ನನ್ನ ಮಗಳ ಮನೆಯಲ್ಲಿ ಇಪ್ಪತ್ತಾರು ಆಡುಗಳಿವೆ, ಅವು ನನ್ನ ಜೇಬಿಗೆ ಮೂತಿ ಹಾಕುತ್ತವೆ ಎಂದು ಹೇಳಬೇಕೆನಿಸಿತು. ಹೇಳದೆ ಜೀಪು ಹತ್ತಿದೆ.

ಇನ್ನೊಂದು ವಿಷಯ. ಇಲ್ಲಿನ ಒಬ್ಬ ಹುಡುಗ ಡಾಕ್ಟರನನ್ನು ವರ್ಗ ಮಾಡಿಸಿದೆ. ಅವನು ತನ್ನ ಸೋದರಮಾವನ ಕುರಿಗಳನ್ನು ನೋಡಿ "ಆರೋಗ್ಯವಾಗಿವೆ" ಎಂದು ಬರೆದಿದ್ದ. ಅವು ಕುಂಟುತ್ತಿದ್ದವು. ಅಲ್ಲಿಂದ ಮೂರು ಊರಿಗೆ ಹಬ್ಬಿತು. ಪಾಪ, ಒಳ್ಳೆಯ ಹುಡುಗನೇ. ನನ್ನ ಮುಂದೆ ನಿಂತು ಬಿಕ್ಕಿಬಿಕ್ಕಿ ಅತ್ತ. ಸಂಬಂಧಿಕರ ಪ್ರಾಣಿಗಳನ್ನು ಯಾವ ಡಾಕ್ಟರೂ ಪರೀಕ್ಷೆ ಮಾಡಬಾರದು, ಅವುಗಳ ಬಗ್ಗೆ ತೀರ್ಮಾನ ಮಾಡಬಾರದು, ಸಹಿ ಹಾಕಬಾರದು ಎಂದು ಮರುದಿನವೇ ಸುತ್ತೋಲೆ ಹೊರಡಿಸಿದೆ. ಈಗ ಇಡೀ ಇಲಾಖೆ ಬೆನ್ನ ಹಿಂದೆ ನನ್ನನ್ನು ಬೈಯುತ್ತಿದೆ. ಬೈಯಲಿ ಬಿಡು.

ನಿನ್ನ ಕೈಯ ಟೀ ಕುಡಿದು ಒಂದು ತಿಂಗಳಾಯಿತು. ಇಲ್ಲಿಯ ಟೀಯನ್ನು ಡ್ರೈವರ್ ಮಾಡುತ್ತಾನೆ. ಅದೂ ಸೋಡಾ ನೀರೇ ಇರಬೇಕೆಂದು ನನ್ನ ಗುಮಾನಿ.

ನಿನ್ನ ಅಪ್ಪ


ಮಾರ್ಚ್ 27

ಅಪ್ಪ,

ಹೆಣ್ಣು ಮಗು. ನಿನ್ನೆ ಬೆಳಿಗ್ಗೆ. ಇಬ್ಬರೂ ಆರಾಮಾಗಿದ್ದೇವೆ.

ಆಸ್ಪತ್ರೆಯ ನರ್ಸಮ್ಮ "ತಾತ ಎಲ್ಲಿ?" ಎಂದು ಕೇಳಿದರು. ಅತ್ತೆ ನಾನು ಬಾಯಿ ತೆರೆಯುವ ಮೊದಲೇ "ತಾತ ದೊಡ್ಡ ಆಫೀಸರು, ರಾಜ್ಯದ ದನಗಳೆಲ್ಲ ಅವರ ತಲೆ ಮೇಲಿವೆ" ಎಂದರು. ನಿಮ್ಮ ಬಗ್ಗೆ ಅವರು ಒಳ್ಳೆಯ ಮಾತಾಡಿದ್ದು ಇದೇ ಮೊದಲು, ಬರೆದಿಟ್ಟುಕೊಳ್ಳಿ.

ಕಿವಿ ನಿಮ್ಮದೇ ಅಪ್ಪ. ಮೇಲ್ಗಡೆ ಸ್ವಲ್ಪ ಮಡಿಸಿದ ಹಾಗೆ ಇರುತ್ತದಲ್ಲ, ಹಾಗೇ. ನನಗೆ ಬರದೆ ತಪ್ಪಿಸಿಕೊಂಡದ್ದು ಪಾಪ ಇವಳಿಗೆ ಬಂತು. ಹೆಸರು ನೀವು ನೋಡಿದ ಮೇಲೇ ಇಡುವುದು ಎಂದು ಇವರು ಹೇಳಿದ್ದಾರೆ. ಅಲ್ಲಿಯವರೆಗೆ ಅವಳು ಬರೀ ಪಾಪು.

ಹೆಚ್ಚು ಬರೆಯಲಾರೆ, ಸುಸ್ತು. ಬನ್ನಿ ಎಂದು ಬರೆಯಬಾರದು ಎಂದುಕೊಂಡೇ ಕೂತೆ. ಬರೆದುಬಿಟ್ಟೆ ನೋಡಿ.

ನಿಮ್ಮ ಬಜಾರಿ


ರೋಗ ನಿಯಂತ್ರಣ ಕೇಂದ್ರ
ಏಪ್ರಿಲ್ 2

ನನ್ನ ಕಂದ,

ಕಾಗದವನ್ನು ಎಷ್ಟು ಸಲ ಓದಿದೆನೋ. ಡ್ರೈವರ್ ಕೇಂದ್ರದವರಿಗೆಲ್ಲ ಸಿಹಿ ಹಂಚಿದ. ನಮ್ಮ ದಪ್ಪ ಡಾಕ್ಟರ್, ಅದೇ, ನನ್ನ ಕೈಕೆಳಗಿನವರಲ್ಲೆಲ್ಲ ಹಿರಿಯರು, ಎರಡು ತಿಂದು ಮೂರನೆಯದನ್ನು ಜೇಬಿಗೆ ಹಾಕಿಕೊಂಡರು. ಎಲ್ಲರೂ ಬಂದು ನನ್ನ ಕೈ ಕುಲುಕಿದರು. ನಾನೇ ಹೆತ್ತ ಹಾಗೆ ನಾಚಿಕೆಯಾಯಿತು.

ನಿನ್ನೆ ಒಂದು ಕೆಲಸ ಮಾಡಿದೆ, ಬೈಯಬೇಡ. ಮೇಲಿನ ಗೇಟಿನ ತಪಾಸಣೆಗೆ ಹೋಗಿದ್ದವನು, ಅಲ್ಲಿಂದ ಗುಡ್ಡದ ತಿರುವಿನವರೆಗೆ ಹೋಗಿ ಜೀಪು ನಿಲ್ಲಿಸಿದೆ. ಅಲ್ಲಿಂದ ನಿಮ್ಮ ಮನೆಯ ಹಿತ್ತಲು ಕಾಣುತ್ತದೆ. ಹಗ್ಗದ ತುಂಬ ಬಿಳಿ ಬಟ್ಟೆಗಳು, ಚಿಕ್ಕಚಿಕ್ಕವು, ಒಣಗುತ್ತಿದ್ದವು. ಯಾರೋ ಬಂದು ಒಂದೊಂದನ್ನೇ ತೆಗೆದರು. ನೀನೋ ಬೀಗಿತಿಯವರೋ ಗೊತ್ತಾಗಲಿಲ್ಲ, ನನ್ನ ಕನ್ನಡಕವೂ ಹಳತು. ಕೊನೆಯ ಬಟ್ಟೆ ತೆಗೆಯುವವರೆಗೆ ನಿಂತಿದ್ದೆ. "ಸಾರ್, ಕೂಗಿದ್ರೆ ಕೇಳ್ಸುತ್ತೇನೋ" ಎಂದ ಡ್ರೈವರ್. ಕೂಗಿ ಏನು ಹೇಳಲಿ ಹೇಳು? ವಾಪಸು ಬಂದೆವು.

ಪಾಪುವನ್ನು ನೋಡುವ ಆಸೆ ಎಷ್ಟಾಗಿದೆಯೆಂದರೆ, ಈ ವಯಸ್ಸಿನಲ್ಲಿ ನನಗೆ ಇದು ಶೋಭಿಸುವುದಿಲ್ಲ. ನಕ್ಷೆಯ ಮುಂದೆ ನಿಂತರೂ ನಿಮ್ಮ ಮನೆ ಇರುವ ಜಾಗವನ್ನೇ ನೋಡುತ್ತೇನೆ. ಅಲ್ಲಿ ರೋಗದ ಕೆಂಪು ಪಿನ್ನು ಇಲ್ಲ, ಸದ್ಯ. ಅದೊಂದೇ ಸಮಾಧಾನ. ಬಾಣಂತಿ ಕೊಟ್ಟಿಗೆಗೆ ಹೋಗಬೇಡ. ಹೋಗುತ್ತೀಯ ಎಂದು ಗೊತ್ತು, ಆದರೂ ಹೇಳುವುದು ನನ್ನ ಧರ್ಮ.

ನಿನ್ನ ಅಪ್ಪ


ಏಪ್ರಿಲ್ 19, ಬೆಳಿಗ್ಗೆ

ಅಪ್ಪ,

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಇವರೇ ಮೋಟಾರ್ ಸೈಕಲ್ಲಿನಲ್ಲಿ ಮೇಲಿನ ಗೇಟಿನವರೆಗೆ ಬಂದು ಪೊಲೀಸಿನವರ ಕೈಗೆ ಕೊಡುತ್ತಾರೆ. ಓದಿದ ಮೇಲೆ ನೀವು ನನ್ನ ಅಪ್ಪನಾಗಿ ಮಾತ್ರ ಉಳಿಯುವುದಿಲ್ಲ, ಆಫೀಸರೂ ಆಗುತ್ತೀರಿ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಹೊಳೆಯಾಚೆಯ ಮನೆಗೆ ನಿನ್ನೆ ನಿಮ್ಮವರು ಬಂದಿದ್ದರು. ಆ ಮನೆಯ ಅಕ್ಕನ ಆಡುಗಳಿಗೆ ರೋಗ ಇತ್ತಂತೆ. "ಹೊರಗಿನ ಪ್ರಾಣಿ ಯಾವುದಾದ್ರೂ ಬಂದಿತ್ತಾ?" ಎಂದು ಕೇಳಿದಾಗ ಅಕ್ಕ ಇಲ್ಲ ಎಂದಿದ್ದಾರೆ. ಅದು ಸುಳ್ಳು. ನಮ್ಮ ಹೋತ ಹೋಗಿತ್ತು.

ನಾನು ಬಾಣಂತಿ ಕೋಣೆಯಲ್ಲಿದ್ದಾಗ, ಇವರು ಹಾಲು ಕೊಡಲು ಹೋಗಿದ್ದಾಗ, ಅಕ್ಕ ಬಂದು ಅತ್ತೆಯನ್ನು ಕೇಳಿದ್ದಾರೆ. ಪ್ರತಿ ವರ್ಷ ಈ ಸಮಯಕ್ಕೆ ಹೋತವನ್ನು ಅವರ ಆಡುಗಳ ಜೊತೆ ಬಿಡುತ್ತೇವಲ್ಲ, ಹಾಗೆ. ಅತ್ತೆ ಹಗ್ಗ ಬಿಚ್ಚಿ ಕೊಟ್ಟರು. ಎರಡು ದಿನ ಇಟ್ಟುಕೊಂಡು ಅಕ್ಕ ವಾಪಸು ತಂದು ಕಟ್ಟಿ ಹೋದರು. ಹೋತದ ಕಾಲನ್ನು ಅತ್ತೆ ಸೋಡಾ ನೀರಿನ ತೊಟ್ಟಿಯಲ್ಲಿ ಚೆನ್ನಾಗಿ ತಿಕ್ಕಿ ತೊಳೆದಿದ್ದಾರೆ ಅಪ್ಪ. ನಿಮ್ಮ ಕಾಗದವನ್ನು ಬಿಸಿಲಿಗೆ ಹಾಕಿದವರು, ಪೋಸ್ಟ್‌ಮ್ಯಾನನ್ನು ಗೇಟಿನ ಆಚೆಯೇ ನಿಲ್ಲಿಸಿದವರು, ಹೋತವನ್ನು ಮಾತ್ರ ಒಳಗೆ ಬಿಟ್ಟುಕೊಂಡರು. "ಅದು ಹೊರಗಿಂದ ಬಂದಿದ್ದಲ್ಲ ಕಣೇ, ನಮ್ದೇ ತಾನೆ?" ಎಂದು ನಿನ್ನೆಯಿಂದ ಅಳುತ್ತಿದ್ದಾರೆ. ಅನ್ನ ಮುಟ್ಟಿಲ್ಲ. ಅವರನ್ನು ಬೈಯಲು ನನಗೆ ಬಾಯಿ ಬರುತ್ತಿಲ್ಲ.

ಆಡುಗಳು ನೋಡಲು ಚೆನ್ನಾಗಿಯೇ ಇವೆ. ಹಾಲು ಮಾತ್ರ ಸ್ವಲ್ಪ ಇಳಿದಿದೆ. ಹೋತ ಇವತ್ತು ಮುಂದಿನ ಕಾಲನ್ನು ಮೆತ್ತಗೆ ಇಡುತ್ತಿದೆ. ಇವರು "ಒಂದು ವಾರ ಸುಮ್ನಿರೇ, ಮುಳ್ಳು ಚುಚ್ಚಿರಬಹುದು. ಇಲ್ದಿರೋ ರೋಗಾನ ನೀನೇ ಕರ್ಕೊಂಡು ಬರ್ತೀಯಾ?" ಎಂದರು. ಆಡಿಗೆ ಈ ರೋಗ ಬಂದರೆ ಗೊತ್ತೇ ಆಗುವುದಿಲ್ಲ, ಗೊತ್ತಾಗುವಷ್ಟರಲ್ಲಿ ಊರಿಗೆಲ್ಲ ಹಂಚಿರುತ್ತದೆ ಎಂದು ಜೀಪಿನಲ್ಲಿ ನನಗೆ ಹೇಳಿಕೊಟ್ಟವರು ನೀವು. ಕೆಳಗಿನ ಕಣಿವೆಯ ಮನೆಗಳಲ್ಲಿ ಎಷ್ಟು ಹಸುಗಳಿವೆ ಎಂದು ಇವರಿಗೆ ಒಂದೊಂದೇ ಮನೆ ಹಿಡಿದು ಹೇಳಿದೆ. ಕೇಳುತ್ತಾ ಕೂತರು. ಆಮೇಲೆ ಎದ್ದು ಬೂಟು ಹಾಕಿಕೊಂಡರು.

ಒಂದೇ ಬೇಡಿಕೆ. ಬೇರೆ ಯಾರೂ ಬೇಡ, ನೀವೇ ಬನ್ನಿ. ಬಿಳಿ ಸೂಟಿನ ಗುರುತಿಲ್ಲದವರನ್ನು ಕಂಡರೆ ಅವು ಹೆದರಿ ಗೋಡೆ ಹತ್ತುತ್ತವೆ. ನಿಮ್ಮ ಕೈ ಆದರೆ ಸುಮ್ಮನೆ ನಿಲ್ಲುತ್ತವೆ. ಹೆದರಿಕೊಂಡು ಸಾಯಬಾರದು ಅಪ್ಪ, ಅಷ್ಟೇ ನಾನು ಕೇಳುವುದು.

ನಿಮ್ಮ ಮಗಳು


ರೋಗ ನಿಯಂತ್ರಣ ಕೇಂದ್ರ
ಏಪ್ರಿಲ್ 19, ಮಧ್ಯಾಹ್ನ

ಮಗಳೇ,

ಅಳಿಯಂದಿರು ಗೇಟಿನಲ್ಲಿಯೇ ಕಾಯುತ್ತಿದ್ದಾರೆಂದು ತಿಳಿಯಿತು. ಅವರ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ.

ನಿನ್ನ ಕಾಗದವನ್ನು ದಪ್ಪ ಡಾಕ್ಟರಿಗೆ ಕೊಟ್ಟೆ. ನಿಮ್ಮ ಮನೆಯ ವಿಷಯದಲ್ಲಿ ಇನ್ನು ಮುಂದೆ ಅವರದೇ ಮಾತು. ನಾಳೆ ಬೆಳಿಗ್ಗೆ ಬರುತ್ತಾರೆ. ಮೊದಲು ಹೋತದ ಬಾಯಿ ನೋಡುತ್ತಾರೆ. ರೋಗ ಕಂಡರೆ ನಾಳೆಯೇ ಎಲ್ಲ ಮುಗಿಯುತ್ತದೆ. ಕಾಣುತ್ತದೆ ಎಂದೇ ನನ್ನ ಮನಸ್ಸು ಹೇಳುತ್ತಿದೆ, ನಿನಗೆ ಸುಳ್ಳು ಆಸೆ ಹುಟ್ಟಿಸಲಾರೆ.

ನಾನು ಬರುವ ಹಾಗಿಲ್ಲ. ಸುತ್ತೋಲೆ ನಿನಗೆ ಗೊತ್ತೇ ಇದೆ. ಆ ಹುಡುಗ ಡಾಕ್ಟರನನ್ನು ಅಳಿಸಿ ಕಳಿಸಿದವನು, ನನ್ನ ಮಗಳ ಮನೆ ಎಂದಾಗ ಅದನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳಲೇ? ಮಾಡಲಾರೆ ಕಂದ. ಮಾಡಿದರೆ ನಾಳೆ ಯಾರ ಹಟ್ಟಿಗೆ ಹೋಗಿ ಯಾವ ಮುಖದಲ್ಲಿ ನಿಲ್ಲಲಿ?

ಬೀಗಿತಿಯವರಿಗೆ ಹೇಳು, ಅವರನ್ನು ಯಾರೂ ದೂರುವುದಿಲ್ಲ. ನೀನು ಬರೆದದ್ದಕ್ಕೆ ನನಗೆ ಹೆಮ್ಮೆಯಾಯಿತು. ಜೊತೆಗೇ, ನೀನು ಇದನ್ನು ಬರೆಯದೇ ಇದ್ದಿದ್ದರೆ ಎಂದೂ ಒಂದು ಕ್ಷಣ ಅನಿಸಿತು. ಇಷ್ಟೇ ಬರೆಯಬಲ್ಲೆ.

ನಿನ್ನ ಅಪ್ಪ


ಏಪ್ರಿಲ್ 19, ಸಂಜೆ

ಅಪ್ಪನವರಿಗೆ,

ಸರಿ. ಬರಬೇಡಿ. ನಿಮ್ಮ ನಿಯಮ ನಿಮ್ಮ ಹತ್ತಿರವೇ ಇರಲಿ.

ದಪ್ಪ ಡಾಕ್ಟರಿಗೆ ಈ ಮಾತುಗಳನ್ನು ತಿಳಿಸಿ. ಹೆಡ್ ಮೇಡಂ ಅನ್ನು ಮೊದಲು ಒಯ್ಯಬಾರದು. ಅವಳು ಹೋದರೆ ಎಲ್ಲ ಹಿಂದೆ ಓಡುತ್ತವೆ, ಅವಳು ನಿಂತಿದ್ದರೆ ಎಲ್ಲ ನಿಲ್ಲುತ್ತವೆ. ಕೊರಳ ಹಗ್ಗ ಹಿಡಿದು ಎಳೆಯಬಾರದು, ಗಲ್ಲದ ಕೆಳಗೆ ಅಂಗೈ ಇಟ್ಟು ಕರೆಯಬೇಕು. ಅವಳಿ ಮರಿಗಳನ್ನು ಬೇರೆ ಮಾಡಬಾರದು. ಹೋತಕ್ಕೆ ಕೋಡು ಮುಟ್ಟಿದರೆ ಆಗುವುದಿಲ್ಲ. ಕಂದು ಬಣ್ಣದವಳು ತುಂಬಿದ ಬಸುರಿ, ಅವಳನ್ನು ನಿಲ್ಲಿಸಬೇಡಿ, ಕೂತಲ್ಲಿಗೇ ಹೋಗಿ.

ಜೋರಾಗಿ ಮಾತಾಡಬೇಡಿ ಎಂದು ಹೇಳಿ. ಇನ್ನೇನೂ ಇಲ್ಲ.

ನಿಮ್ಮ ಮಗಳು


ಏಪ್ರಿಲ್ 27

ಅಪ್ಪ,

ಒಂದು ವಾರ ನನಗೆ ಪೆನ್ನು ಹಿಡಿಯಲಾಗಲಿಲ್ಲ. ಇವತ್ತು ಬರೆಯುತ್ತೇನೆ, ಯಾಕೆಂದರೆ ನಿಮ್ಮಿಂದ ನನಗೊಂದು ಕೆಲಸ ಆಗಬೇಕು.

ಅವತ್ತು ನಾಲ್ಕು ಜನ ಬಂದಿದ್ದರು. ಎಲ್ಲರಿಗೂ ತಲೆಯಿಂದ ಕಾಲಿನವರೆಗೆ ಬಿಳಿ ಸೂಟು, ಮೂತಿಗೆ ಮಾಸ್ಕು, ಕಣ್ಣಿಗೆ ದೊಡ್ಡ ಕನ್ನಡಕ. ದಪ್ಪ ಡಾಕ್ಟರ್ ಯಾರೆಂದು ಮಾತ್ರ ಗೊತ್ತಾಯಿತು, ಆ ಹೊಟ್ಟೆ ಯಾವ ಸೂಟಿನಲ್ಲೂ ಅಡಗುವುದಿಲ್ಲ. ಅವರು ಹೋತದ ಬಾಯಿ ಬಿಡಿಸಿ ನೋಡಿದರು, ಇವರನ್ನು ಹತ್ತಿರ ಕರೆದು ತೋರಿಸಿದರು. ಇವರು ತಲೆ ಆಡಿಸಿದರು. ಡಾಕ್ಟರ್ ಸಹಿ ಹಾಕಿದರು. ಎಲ್ಲವೂ ನಿಯಮದ ಪ್ರಕಾರವೇ ಆಯಿತು.

ನಾಲ್ಕನೆಯವರು ಬೇಲಿಯ ಹತ್ತಿರ ಹಿಂದೆಯೇ ನಿಂತಿದ್ದರು. ಪರೀಕ್ಷೆ ಮಾಡಲಿಲ್ಲ, ತೀರ್ಮಾನ ಮಾಡಲಿಲ್ಲ, ಏನನ್ನೂ ಬರೆಯಲಿಲ್ಲ. ಎಲ್ಲ ಮುಗಿದು ಸೂಜಿ ತುಂಬುವ ಹೊತ್ತಿಗೆ ಒಳಗೆ ಬಂದರು, ಆಡು ಹಿಡಿಯುವುದಕ್ಕೆ. ಆಡುಗಳು ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದವು. ಹೆಡ್ ಮೇಡಂ ಒಂದು ಸಲ ಗಾಳಿ ಮೂಸಿದಳು, ಗುಂಪು ಬಿಟ್ಟು ಬಂದಳು, ಅವರ ತೊಡೆಗೆ ಹಣೆ ಒತ್ತಿ ನಿಂತಳು. ಅವರ ಕೈ ಗಾಳಿಯಲ್ಲೇ ನಿಂತುಬಿಟ್ಟಿತು ಅಪ್ಪ. ಆಮೇಲೆ ಮೆಲ್ಲಗೆ ಅವಳ ತಲೆಯ ಮೇಲೆ ಇಳಿಯಿತು. ಉಳಿದವೆಲ್ಲ ಹಾಗೆಯೇ ಬಂದು ಅವರ ಸುತ್ತ ನಿಂತವು.

ಒಂದೂ ಕೂಗಲಿಲ್ಲ. ಒಂದೊಂದನ್ನೇ ಗಲ್ಲದ ಕೆಳಗೆ ಕೈಯಿಟ್ಟು ಕರೆದರು, ಮಡಿಲಲ್ಲಿ ತಲೆ ಇಟ್ಟುಕೊಂಡರು. ಅದು ಮಲಗುವವರೆಗೆ ಕೈ ತೆಗೆಯಲಿಲ್ಲ. ಇಷ್ಟೆಲ್ಲ ನನ್ನ ಕಾಗದದಲ್ಲಿತ್ತು, ಯಾರಾದರೂ ಮಾಡಬಹುದಿತ್ತು ಎನ್ನಿ. ಆದರೆ ಮಚ್ಚೆಯವಳಿಗೆ ಕಿವಿ ಕೇಳಿಸುವುದಿಲ್ಲ ಎಂದು ಬರೆಯಲು ನಾನು ಮರೆತಿದ್ದೆ. ಹಿಂದಿನಿಂದ ಮುಟ್ಟಿದರೆ ಅವಳು ಎಗರಿ ಬೀಳುತ್ತಾಳೆ. ಆ ನಾಲ್ಕನೆಯವರು ಬಳಸಿಕೊಂಡು ಹೋಗಿ ಅವಳ ಕಣ್ಣೆದುರಿಗೆ ಕೂತರು. ಅವಳು ನೋಡುವವರೆಗೆ ಕಾದು ಆಮೇಲೆ ಮುಟ್ಟಿದರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಕೂಗಿಬಿಡಬೇಕು ಎನಿಸಿತು. ಕೂಗಿದರೆ ಅವರ ಕೆಲಸಕ್ಕೆ, ಅವರ ಮಾತಿಗೆ ಏನಾಗುತ್ತದೆ ಎಂದು ಗೊತ್ತಿತ್ತು. ತುಟಿ ಕಚ್ಚಿಕೊಂಡೆ.

ಕೊನೆಗೆ ಅವರು ಬೂಟು ತೊಳೆಯಲು ಬಾಗಿಲ ಹತ್ತಿರದ ತೊಟ್ಟಿಗೆ ಬಂದರು. ನಾನು ಪಾಪುವನ್ನು ಎತ್ತಿಕೊಂಡಿದ್ದೆ. ಅವರಿಗೂ ನಮಗೂ ನಡುವೆ ಆ ತೊಟ್ಟಿ ಅಷ್ಟೇ. ಅವರ ಕನ್ನಡಕದ ಒಳಗೆಲ್ಲ ಹಬೆ ಕಟ್ಟಿತ್ತು. ಒದ್ದೆ ಗ್ಲೌಸಿನಲ್ಲಿ ಒರೆಸಿಕೊಂಡರು, ಇನ್ನೂ ಮಂಜಾಯಿತು. ನಾನು ಪಾಪುವಿನ ಟೊಪ್ಪಿಗೆ ತೆಗೆದೆ. ಮುಖ ಅವರ ಕಡೆಗೆ ತಿರುಗಿಸಿ ಹಿಡಿದೆ. "ಗಾಳಿ ಕಣೇ, ಒಳಗೆ ಹೋಗೇ" ಎಂದು ಬಂದ ಅತ್ತೆ ಅವರನ್ನು ನೋಡಿದರು, "ಬೀ..." ಎಂದು ಬಾಯಿ ತೆರೆದರು. ನಾನು ಅತ್ತೆಯ ಕೈ ಗಟ್ಟಿಯಾಗಿ ಹಿಡಿದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ನಿಂತರು. ದಪ್ಪ ಡಾಕ್ಟರ್ ವ್ಯಾನಿನಿಂದ ಯಾರನ್ನೂ ಕರೆಯಲಿಲ್ಲ, ಬೇಕೆಂದೇ ಬೆನ್ನು ತಿರುಗಿಸಿ ನಿಂತಿದ್ದರು. ಪಾಪು ಆಕಳಿಸಿದಳು. ಅವರು ನೋಡಿ ಮುಗಿಯುವವರೆಗೆ ನಾನು ಹಾಗೇ ಹಿಡಿದುಕೊಂಡಿದ್ದೆ.

ಆ ನಾಲ್ಕನೆಯವರಿಗೆ ನನ್ನ ಧನ್ಯವಾದ ತಿಳಿಸಿ. ಅವರು ಯಾರು ಎಂದು ನಾನು ಕೇಳುವುದಿಲ್ಲ. ನೀವೂ ಹೇಳಬೇಡಿ. ಹಿಂದಿನ ಕಾಗದದಲ್ಲಿ ನಿಮಗೆ ಒರಟಾಗಿ ಬರೆದದ್ದಕ್ಕೆ ನನ್ನನ್ನು ಕ್ಷಮಿಸಿಬಿಡಿ.

ನಿಮ್ಮ ಬಜಾರಿ


ರೋಗ ನಿಯಂತ್ರಣ ಕೇಂದ್ರ
ಮೇ 5

ನನ್ನ ಬಜಾರಿ ಮಗಳಿಗೆ,

ತಿಳಿಸಿದೆ.

ಆತ ವಯಸ್ಸಾದ ಮನುಷ್ಯ, ಮಾತು ಕಡಿಮೆ. ನಿನ್ನ ಕಾಗದ ಓದಿ ತೋರಿಸಿದಾಗ ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡ. ಅಂಥ ಕೆಲಸವನ್ನು ತನ್ನ ಜನ್ಮದಲ್ಲಿ ಮಾಡಿರಲಿಲ್ಲವಂತೆ, ಇನ್ನು ಮಾಡಲಾರೆ ಎಂದ. ಮಗುವಿನ ಕಿವಿಯ ಬಗ್ಗೆ ನೀನು ಬರೆದದ್ದು ನಿಜವಂತೆ. ಮೇಲ್ಗಡೆ ಮಡಿಸಿದ ಹಾಗೇ ಇದೆಯಂತೆ. ಬೇರೆ ಯಾವ ವಿಷಯಕ್ಕೂ ಬಾಯಿ ಬಿಡದವನು ಇದನ್ನು ಮಾತ್ರ ಎರಡು ಸಲ ಹೇಳಿದ.

ಹೋತದ ರಕ್ತದ ವರದಿ ಬಂತು, ರೋಗ ಇತ್ತು. ಅಕ್ಕಪಕ್ಕದ ಮನೆಗಳಲ್ಲಿಯೂ ಖಾಲಿ ಮಾಡಬೇಕಾಯಿತು ಎಂಬುದು ನಿನಗೆ ಗೊತ್ತೇ ಇದೆ. ಆದರೆ ಕೆಳಗಿನ ಕಣಿವೆಗೆ ಇಳಿಯಲಿಲ್ಲ. ಅಲ್ಲಿನ ಹಸುಗಳೆಲ್ಲ ಇವತ್ತಿಗೂ ಮೇಯುತ್ತಿವೆ. ನೀನು ಒಂದು ವಾರ ಸುಮ್ಮನಿದ್ದಿದ್ದರೆ ಮೇಯುತ್ತಿರಲಿಲ್ಲ. ಇದನ್ನು ಅಳಿಯಂದಿರಿಗೂ ಓದಿ ಹೇಳು.

ನಿನ್ನೆ ನಕ್ಷೆಯಲ್ಲಿ ನಿಮ್ಮ ಮನೆಯ ಮೇಲೆ ಕೆಂಪು ಪಿನ್ನು ಚುಚ್ಚಬೇಕಿತ್ತು. ಅದು ನನ್ನ ಕೆಲಸ. ಕೈ ಏಳಲಿಲ್ಲ. ಡ್ರೈವರ್ ಬಂದು ನನ್ನ ಬೆರಳಿನಿಂದ ಪಿನ್ನು ತೆಗೆದುಕೊಂಡು ತಾನೇ ಚುಚ್ಚಿದ. ಅವನ ಎದುರಿಗೇ ನನಗೆ ಅಳು ಬಂತು ಮಗಳೇ. ಅವನು ಟೀ ಮಾಡಲು ಹೋದ. ಎಷ್ಟು ಕೆಟ್ಟ ಟೀ ಅಂತೀಯ, ಪೂರ್ತಿ ಕುಡಿದೆ.

ನಿನ್ನನ್ನು ನೋಡಬೇಕು. ನಿನ್ನ ಜೊತೆ ಕೂತು ಮಾತಾಡಬೇಕು, ಪಾಪುವನ್ನು ಕೈಯಲ್ಲಿ ಎತ್ತಿಕೊಳ್ಳಬೇಕು. ಆದರೆ ಮೊನ್ನೆ ಪೂರ್ವದ ಕಡೆ ಮತ್ತೊಂದು ಫಾರಂಗೆ ಹೋಗಿ ಬಂದೆ. ಎಣಿಕೆ ಮತ್ತೆ ಶುರು. ರೋಗವಿಲ್ಲದ ವಾರ ನನ್ನ ಹಣೆಯಲ್ಲಿ ಬರೆದಿದೆಯೋ ಇಲ್ಲವೋ. ಸಿಕ್ಕ ದಿನ ಖಂಡಿತ ಹೊರಡುತ್ತೇನೆ.

ನಿನ್ನ ಅಪ್ಪ


ಮೇ 11

ಅಪ್ಪ,

ನಿಮ್ಮ ಕಾಗದ ಬಂದ ದಿನವೇ ಓದಿದೆ. ಅತ್ತೆ ಈಗ ಕಾಗದಗಳನ್ನು ಬಿಸಿಲಿಗೆ ಹಾಕುವುದಿಲ್ಲ.

ಇವತ್ತು ದಪ್ಪ ಡಾಕ್ಟರ್ ಬಂದಿದ್ದರು. ಕೊಟ್ಟಿಗೆಯನ್ನು ಮೂರು ಸಲ ಸೋಡಾ ನೀರಿನಲ್ಲಿ ತೊಳೆದಿದ್ದೇವೆ, ಹುಲ್ಲು ಸುಟ್ಟಿದ್ದೇವೆ, ಬಾಗಿಲುಗಳನ್ನು ತಿಕ್ಕಿದ್ದೇವೆ. ಎಲ್ಲ ಸರಿಯಾಗಿದೆ ಎಂದರು. ಪಾಪುವಿನ ಕೆನ್ನೆ ಹಿಂಡಿದರು, ಟೀ ಕುಡಿದರು. ಹೊರಡುವಾಗ ಅವರನ್ನು ಒಂದು ಮಾತು ಕೇಳಿದೆ. "ಸಾರ್, ಆ ಒಂದು ವಾರದ ನಿಯಮ ಯಾರಿಗೋಸ್ಕರ?" "ರೋಗ ಇಲ್ದೇ ಇರೋ ಪ್ರಾಣಿಗೋಸ್ಕರ ಅಮ್ಮ. ಅವಕ್ಕೆ ಡಾಕ್ಟರಿಂದ ತಗುಲಬಾರದಲ್ಲ" ಎಂದರು. "ಪ್ರಾಣಿಯೇ ಇಲ್ಲದ ಮನೆಗೆ ಡಾಕ್ಟರ್ ಬರಬಹುದಾ?" ಎಂದು ಕೇಳಿದೆ. ಅವರು ಕೊಟ್ಟಿಗೆಯ ಕಡೆ ನೋಡಿದರು. ಜೇಬಿನಿಂದ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. "ಬರಬಹುದಮ್ಮ. ಅವರಿಗೆ ಇದು ಹೊಳೆದೇ ಇಲ್ಲ ನೋಡು. ನಾನಾಗಿ ಹೇಳೋಕೆ ನನಗೆ ಧೈರ್ಯ ಬರಲಿಲ್ಲ" ಎಂದರು.

ನಿಮಗೆ ಹೊಳೆದಿದೆ ಎಂದು ನನಗೆ ಗೊತ್ತು ಅಪ್ಪ. ಇಷ್ಟು ವರ್ಷ ನಿಯಮ ಬರೆದವರಿಗೆ ಹೊಳೆಯದೆ ಇರುತ್ತದೆಯೇ? ಆಡುಗಳಿಲ್ಲ ಎಂಬ ಕಾರಣಕ್ಕೆ ಬರಲು ನಿಮಗೆ ಕಾಲು ಬರುತ್ತಿಲ್ಲ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಈಗ ಗೊರಸಿರುವ ಪ್ರಾಣಿ ಒಂದೂ ಇಲ್ಲ. ಹೊಳೆಯಾಚೆ ಇಲ್ಲ, ಎಡಗಡೆ ಮನೆಯಲ್ಲಿಲ್ಲ, ಬಲಗಡೆ ಮನೆಯಲ್ಲಿಲ್ಲ. ನಿಮ್ಮ ಅಂಗಿಯಿಂದ ನನ್ನ ಕೈಗೆ ಏನು ಬಂದರೂ, ನನ್ನ ಕೈಯಿಂದ ಅದು ಇನ್ನೆಲ್ಲಿಗೂ ಹೋಗುವುದಿಲ್ಲ.

ವಾರ ಎಣಿಸಬೇಡಿ. ಸ್ನಾನ ಮಾಡುತ್ತೇನೆ, ಬಟ್ಟೆ ಬದಲಾಯಿಸುತ್ತೇನೆ ಎಂದು ಕೂರಬೇಡಿ. ಯಾವ ಬಟ್ಟೆಯಲ್ಲಿದ್ದೀರೋ ಅದೇ ಬಟ್ಟೆಯಲ್ಲಿ ಬಂದುಬಿಡಿ.

ನಿಮ್ಮ ಬಜಾರಿ